ಹುರುಳಿಯ ಹಳದಿ ನಂಜು: ವೈರಸ್ಸಿನ ಕುಲ, ಜೀವನ ಮತ್ತು ಹರಡುವ ದಾರಿ

ಹುರುಳಿ ಹಳದಿ ಮೊಸಾಯಿಕ್ ವೈರಸ್ ದ್ವಿದಳ ಧಾನ್ಯದ ಬೆಳೆಗಳಿಗೆ ತಗಲುವ ಒಂದು ಸಸ್ಯ ವೈರಸ್. ಇದು ಜೆಮಿನಿವಿರಿಡೇ ಕುಟುಂಬದ ಬೆಗೊಮೊವೈರಸ್ ಕುಲಕ್ಕೆ ಸೇರಿದ್ದು, ಬಿಳಿ ನೊಣದ ಮೂಲಕ ಹರಡುತ್ತದೆ. ಇದು ತರುವ ಕಾಯಿಲೆಗೆ ಕೃಷಿ ಇಲಾಖೆಯ ಕೈಪಿಡಿಗಳಲ್ಲಿ ‘ಹಳದಿ ನಂಜು ರೋಗ’ ಎಂಬ ಹೆಸರಿದೆ. ದಕ್ಷಿಣ ಕರ್ನಾಟಕದ ಒಣ ಬೇಸಾಯದ ಹೊಲಗಳಲ್ಲಿ ಹುರುಳಿಯ ಇಳುವರಿ ಕಸಿಯುವ ರೋಗಗಳಲ್ಲಿ ಇದು ಮುಖ್ಯವಾದುದು. ವೈರಸ್ಸಿನ ಕುಲ ಯಾವುದೆಂದು ತಿಳಿಯುವುದು ವಿಜ್ಞಾನಿಗಳ ಲೆಕ್ಕಕ್ಕೆ ಮಾತ್ರ ಬೇಕಾದ ಸಂಗತಿ ಎನಿಸಬಹುದು. ಆದರೆ ಬೀಜವನ್ನು ನೋಡಬೇಕೋ, ನೊಣವನ್ನು ನೋಡಬೇಕೋ, ನುಸಿಯನ್ನು ನೋಡಬೇಕೋ ಎಂಬುದು ತೀರ್ಮಾನವಾಗುವುದು ಅಲ್ಲೇ.

ಬೆಳೆ ಮತ್ತು ನೆಲ

ಮಂಡ್ಯ ಜಿಲ್ಲೆ ಎಂದರೆ ಹೊರಗಿನವರ ಕಣ್ಣಿಗೆ ಕಟ್ಟುವುದು ವಿಶ್ವೇಶ್ವರಯ್ಯ ನಾಲೆಯ ನೀರು, ಭತ್ತದ ಗದ್ದೆ, ಕಬ್ಬಿನ ತೋಟ. ಆದರೆ ರಾಜ್ಯದ ಕೃಷಿ ಹವಾಮಾನ ವಿಂಗಡಣೆಯಲ್ಲಿ ಈ ಜಿಲ್ಲೆ ಇರುವುದು ‘ದಕ್ಷಿಣ ಒಣ ವಲಯ’ದಲ್ಲಿ. ನಾಲೆಯ ನೀರು ಹತ್ತದ ಕಡೆ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಎತ್ತರದ ಕೆಂಪು ಮಣ್ಣಿನ ಹೊಲಗಳಲ್ಲಿ, ಮಳೆಯನ್ನೇ ನಂಬಿ ರಾಗಿ, ಹುರುಳಿ, ಅವರೆ, ತೊಗರಿ, ಅಲಸಂದೆ ಬೆಳೆಯುತ್ತಾರೆ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ ಹಾಕುವುದು ಇಲ್ಲಿಯ ಹಳೆಯ ರೂಢಿ. ಮುಂಗಾರು ಕೈಕೊಟ್ಟ ವರ್ಷ ಹಿಂಗಾರಿನ ಹದಕ್ಕೆ ಬಿತ್ತಲು ಉಳಿಯುವುದು ಹುರುಳಿ.

ಹುರುಳಿಯ ಸಸ್ಯಶಾಸ್ತ್ರೀಯ ಹೆಸರು ಮ್ಯಾಕ್ರೋಟೈಲೋಮಾ ಯೂನಿಫ್ಲೋರಮ್. ಹಳೆಯ ಪುಸ್ತಕಗಳಲ್ಲಿ ಇದೇ ಗಿಡ ಡಾಲಿಕಸ್ ಬೈಫ್ಲೋರಸ್ ಎಂದು ದಾಖಲಾಗಿದೆ. ನೀರು, ಗೊಬ್ಬರ, ಆರೈಕೆ ಯಾವುದನ್ನೂ ಹೆಚ್ಚು ಕೇಳದ ಬೆಳೆ ಇದು. ಹಾಗಾಗಿ ರೈತ ಇದಕ್ಕೆ ಖರ್ಚು ಮಾಡುವುದೂ ಕಡಿಮೆ, ರೋಗ ಬಂದರೆ ತಿರುಗಿ ನೋಡುವುದೂ ಕಡಿಮೆ.

ರೋಗದ ಲಕ್ಷಣ

ಮೊದಲ ಗುರುತು ಕಾಣುವುದು ಎಳೆಯ ಎಲೆಯಲ್ಲಿ. ಮೂರೆಲೆಯ ಗೊಂಚಲಿನ ಮೇಲೆ ಸಾಸಿವೆ ಕಾಳಿನಷ್ಟು ಹಳದಿ ಚುಕ್ಕೆಗಳು ಅಲ್ಲಲ್ಲಿ ಏಳುತ್ತವೆ. ಚುಕ್ಕೆಗಳು ಹರಡಿ ಒಂದಕ್ಕೊಂದು ಸೇರಿದಾಗ ಎಲೆಯ ಮೇಲೆ ಹಸಿರು ಮತ್ತು ಹೊಳೆಯುವ ಹಳದಿ ತೇಪೆಗಳು ಬೆರೆತು ನಿಲ್ಲುತ್ತವೆ. ಹೊಸದಾಗಿ ಬರುವ ಎಲೆಗಳಲ್ಲಿ ಹಳದಿಯ ಪಾಲು ಹೆಚ್ಚುತ್ತಾ ಹೋಗಿ, ಕೊನೆಗೆ ಎಲೆ ಪೂರ್ತಿ ಹಳದಿಯಾಗುತ್ತದೆ, ಕೆಲವೊಮ್ಮೆ ಬೆಳ್ಳಗೂ ಆಗುತ್ತದೆ. ಗಿಡ ಗಿಡ್ಡಗಾಗುತ್ತದೆ, ಹೂ ಕಡಿಮೆಯಾಗುತ್ತದೆ. ಕಾಯಿ ಕಟ್ಟಿದರೂ ಕಾಳು ಸಣ್ಣದಾಗಿ ಸುಕ್ಕುಗಟ್ಟಿರುತ್ತದೆ. ಎಳೆಯ ಪೈರಿಗೆ ತಗುಲಿದರೆ ನಷ್ಟ ಹೆಚ್ಚು. ಕಾಯಿ ಬಲಿಯುವ ಹೊತ್ತಿಗೆ ತಗುಲಿದರೆ ಅಷ್ಟು ಪೆಟ್ಟಿಲ್ಲ.

ಪೋಷಕಾಂಶದ ಕೊರತೆಯಿಂದಲೂ ಎಲೆ ಹಳದಿಯಾಗುವುದುಂಟು. ಕಬ್ಬಿಣದ ಕೊರತೆಯಾದಾಗ ನರಗಳು ಹಸಿರಾಗಿಯೇ ಉಳಿದು, ನರಗಳ ನಡುವಿನ ಜಾಗ ಒಂದೇ ಸಮನೆ ಬಿಳಚಿಕೊಳ್ಳುತ್ತದೆ. ಹೊಲದ ಒಂದು ಭಾಗದ ಗಿಡಗಳೆಲ್ಲ ಒಟ್ಟಿಗೆ ಹಾಗೆ ಕಾಣುತ್ತವೆ. ನಂಜು ರೋಗದ ತೇಪೆಗಳಿಗೆ ಲೆಕ್ಕವಿಲ್ಲ, ಅಂಚಿಲ್ಲ. ಒಂದು ಗಿಡ ಪೂರ್ತಿ ಹಳದಿಯಾಗಿದ್ದರೆ ಪಕ್ಕದ್ದು ಹಸಿರಾಗಿಯೇ ನಿಂತಿರುತ್ತದೆ.

ಗುರುತು ಹಿಡಿದ ಬಗೆ

ಭಾರತದಲ್ಲಿ ಹೆಸರುಕಾಳಿನ ಹಳದಿ ಮೊಸಾಯಿಕ್ ರೋಗವನ್ನು ಟಿ. ಕೆ. ನಾರಿಯಾನಿ ದೆಹಲಿಯಿಂದ 1960ರಲ್ಲಿ ವರದಿ ಮಾಡಿದರು. ಹುರುಳಿಯ ರೋಗದ ಮೇಲೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಸಸ್ಯರೋಗ ತಜ್ಞ ವಿ. ಮುನಿಯಪ್ಪ ಮತ್ತು ಸಂಗಡಿಗರು 1970ರ ದಶಕದಲ್ಲೇ ಕೆಲಸ ಶುರುಮಾಡಿದ್ದರು. ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳೊಂದಿಗೆ ಅವರು 1987ರಲ್ಲಿ ಪ್ರಕಟಿಸಿದ ಅಧ್ಯಯನ ಈ ರೋಗದ ಕಾರಣವನ್ನು ಖಚಿತಪಡಿಸಿತು.

ಅವರು ಹೋದ ದಾರಿ ನೋಡುವಂಥದ್ದು. ಸಾಮಾನ್ಯವಾಗಿ ಸಸ್ಯ ವೈರಸ್ಸನ್ನು ಪರೀಕ್ಷಿಸಲು ರೋಗದ ಎಲೆ ಅರೆದು, ರಸವನ್ನು ಒಳ್ಳೆಯ ಗಿಡದ ಎಲೆಗೆ ಉಜ್ಜುತ್ತಾರೆ. ಈ ವೈರಸ್ ಹಾಗೆ ಉಜ್ಜಿದರೆ ತಗುಲಲಿಲ್ಲ. ಆಗ ಅವರು ರೋಗದ ಎಲೆಗಳಿಂದ ವೈರಸ್ಸನ್ನು ಬೇರ್ಪಡಿಸಿ ಶುದ್ಧ ಮಾಡಿದರು. ಆ ದ್ರಾವಣವನ್ನು ಪ್ಯಾರಾಫಿಲ್ಮ್ ಎಂಬ ತೆಳುವಾದ ಮೇಣದ ಹಾಳೆಯ ಹಿಂದೆ ಇಟ್ಟು, ಹಾಳೆಯ ಮೂಲಕ ಬಿಳಿ ನೊಣಗಳು ಹೀರುವಂತೆ ಮಾಡಿದರು. ಆ ನೊಣಗಳನ್ನು ಒಳ್ಳೆಯ ಗಿಡಗಳ ಮೇಲೆ ಬಿಟ್ಟಾಗ ಹಳದಿ ಕಾಣಿಸಿಕೊಂಡಿತು. ಶುದ್ಧ ಮಾಡಿದ ಕಣವೇ ರೋಗ ತಂದದ್ದರಿಂದ ಅನುಮಾನಕ್ಕೆ ಎಡೆ ಉಳಿಯಲಿಲ್ಲ.

ರಚನೆ

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಈ ವೈರಸ್ ಎರಡು ಗುಂಡುಗಳು ಅಂಟಿಕೊಂಡಂತೆ ಜೋಡಿಯಾಗಿ ಕಾಣುತ್ತದೆ. ಜೋಡಿಯ ಉದ್ದ ಸುಮಾರು 30 ನ್ಯಾನೋಮೀಟರ್, ಅಗಲ 15ರಿಂದ 18 ನ್ಯಾನೋಮೀಟರ್. ಮಿಥುನ ರಾಶಿಯ ಲ್ಯಾಟಿನ್ ಹೆಸರು ‘ಜೆಮಿನಿ’ ಕುಟುಂಬಕ್ಕೆ ಬಂದದ್ದು ಈ ರೂಪದಿಂದಲೇ. ಜೆಮಿನಿ ವೈರಸ್ಸಿನ ಕವಚ ಒಂದೇ ಬಗೆಯ ಪ್ರೋಟೀನಿನ 110 ಪ್ರತಿಗಳಿಂದ ಕಟ್ಟಿಕೊಂಡಿರುತ್ತದೆ.

ಕವಚದೊಳಗಿರುವುದು ಒಂಟಿ ಎಳೆಯ, ಉಂಗುರಾಕಾರದ ಡಿಎನ್‌ಎ. ಸಸ್ಯ ವೈರಸ್‌ಗಳಲ್ಲಿ ಹೆಚ್ಚಿನವು ಆರ್‌ಎನ್‌ಎ ಹೊತ್ತವು. ಜೆಮಿನಿ ವೈರಸ್‌ಗಳಲ್ಲಿ ಇರುವುದು ಒಂಟಿ ಎಳೆಯ ಡಿಎನ್‌ಎ ಎಂದು ಗೊತ್ತಾದದ್ದು 1977ರಲ್ಲಿ. ಹುರುಳಿಯ ವೈರಸ್ಸಿನಲ್ಲಿ ಇಂಥ ಉಂಗುರಗಳು ಎರಡು: ಡಿಎನ್‌ಎ-ಎ ಮತ್ತು ಡಿಎನ್‌ಎ-ಬಿ. ಒಂದೊಂದರಲ್ಲೂ ಸುಮಾರು 2,700 ಅಕ್ಷರಗಳ ಸಂಕೇತವಿದೆ. ‘ಎ’ ಉಂಗುರದಲ್ಲಿ ಕವಚದ ಪ್ರೋಟೀನ್ ಮತ್ತು ವೃದ್ಧಿಗೆ ಬೇಕಾದ ಪ್ರೋಟೀನುಗಳ ಜೀನ್‌ಗಳಿವೆ. ‘ಬಿ’ ಉಂಗುರದಲ್ಲಿ ಕೋಶದಿಂದ ಕೋಶಕ್ಕೆ ಸಾಗಲು ಬೇಕಾದ ಎರಡು ಜೀನ್‌ಗಳಿವೆ. ಎರಡೂ ಬೇರೆ ಬೇರೆ ಕಣಗಳಲ್ಲಿ ಪ್ರಯಾಣ ಮಾಡುತ್ತವೆ. ಗಿಡಕ್ಕೆ ರೋಗ ಪೂರ್ತಿಯಾಗಿ ಹತ್ತಬೇಕಾದರೆ ಎರಡೂ ಒಳಗೆ ಸೇರಬೇಕು.

ವರ್ಗೀಕರಣ

ವೈರಸ್‌ಗಳ ಹೆಸರು ಮತ್ತು ಸ್ಥಾನವನ್ನು ತೀರ್ಮಾನಿಸುವುದು ಅಂತರರಾಷ್ಟ್ರೀಯ ವೈರಸ್ ವರ್ಗೀಕರಣ ಸಮಿತಿ. ಅದರ ಪಟ್ಟಿಯಲ್ಲಿ ಈ ವೈರಸ್ ಇರುವ ಶ್ರೇಣಿ ಮೇಲಿನಿಂದ ಕೆಳಕ್ಕೆ ಹೀಗಿದೆ: ಮೋನೋಡಿಎನ್‌ಎವಿರಿಯಾ ಎಂಬ ಮಹಾವಲಯ, ಶೋಟೊಕುವಿರೇ ಸಾಮ್ರಾಜ್ಯ, ಕ್ರೆಸ್‌ಡಿಎನ್‌ಎವಿರಿಕೋಟ ವಂಶ, ರೆಪೆನ್ಸಿವಿರಿಸೀಟ್ಸ್ ವರ್ಗ, ಗೆಪ್ಲಾಫುವಿರೇಲ್ಸ್ ಗಣ, ಜೆಮಿನಿವಿರಿಡೇ ಕುಟುಂಬ, ಬೆಗೊಮೊವೈರಸ್ ಕುಲ. ಬೆಗೊಮೊವೈರಸ್ ಕುಲದಲ್ಲಿ 400ಕ್ಕೂ ಹೆಚ್ಚು ಪ್ರಭೇದಗಳಿವೆ. ಟೊಮ್ಯಾಟೊ ಎಲೆಮುರುಟು, ಬೆಂಡೆಯ ಹಳದಿ ನರ ರೋಗ, ಮರಗೆಣಸಿನ ಮೊಸಾಯಿಕ್ ರೋಗಗಳ ವೈರಸ್‌ಗಳೂ ಇದೇ ಕುಲದವು.

ಹೊಸ ಪ್ರಭೇದ ಎನ್ನಲು ಅಳತೆಯಿದೆ. ಎರಡು ವೈರಸ್‌ಗಳ ಡಿಎನ್‌ಎ-ಎ ಉಂಗುರಗಳನ್ನು ಹೋಲಿಸಿದಾಗ ಶೇ. 91ಕ್ಕಿಂತ ಕಡಿಮೆ ಹೋಲಿಕೆ ಕಂಡರೆ ಅವು ಬೇರೆ ಪ್ರಭೇದಗಳು. ಈ ಅಳತೆಯಲ್ಲಿ ಹುರುಳಿಯ ವೈರಸ್, ಹೆಸರುಕಾಳಿನ ಎರಡು ಹಳದಿ ಮೊಸಾಯಿಕ್ ವೈರಸ್‌ಗಳು ಮತ್ತು ಅವರೆಯ ಹಳದಿ ಮೊಸಾಯಿಕ್ ವೈರಸ್ ಬೇರೆ ಬೇರೆ ಪ್ರಭೇದಗಳಾಗಿ ನಿಂತಿವೆ. ಆದರೂ ಇವೆಲ್ಲ ದ್ವಿದಳ ಗಿಡಗಳಿಗೇ ಅಂಟಿಕೊಂಡು ಬೆಳೆದ ಹತ್ತಿರದ ಬಳಗ. ಈ ಬಳಗವನ್ನು ತಜ್ಞರು ‘ಲೆಗ್ಯುಮೋವೈರಸ್’ ಎಂದು ಕರೆಯುತ್ತಾರೆ.

ಗಿಡದೊಳಗಿನ ಜೀವನ

ನೊಣ ಚುಚ್ಚಿದ ಜಾಗದಿಂದ ವೈರಸ್ ಗಿಡದ ಆಹಾರ ಸಾಗಿಸುವ ನಾಳವನ್ನು, ಅಂದರೆ ಫ್ಲೋಯಂ ಅನ್ನು ಸೇರುತ್ತದೆ. ಅಲ್ಲಿಯ ಕೋಶದ ನ್ಯೂಕ್ಲಿಯಸ್ಸಿನೊಳಗೆ ಅದರ ಡಿಎನ್‌ಎ ನುಗ್ಗುತ್ತದೆ. ಡಿಎನ್‌ಎ ನಕಲು ಮಾಡುವ ಕಿಣ್ವ ವೈರಸ್ಸಿನ ಬಳಿ ಸ್ವಂತದ್ದಿಲ್ಲ, ಗಿಡದ ಕಿಣ್ವವನ್ನೇ ಬಳಸಿಕೊಳ್ಳುತ್ತದೆ. ಮೊದಲು ಒಂಟಿ ಎಳೆ ಜೋಡಿ ಎಳೆಯಾಗುತ್ತದೆ. ಆಮೇಲೆ ‘ರೆಪ್’ ಎಂಬ ವೈರಸ್ ಪ್ರೋಟೀನ್ ಉಂಗುರದ ಒಂದು ನಿಗದಿತ ಜಾಗದಲ್ಲಿ ಒಂದೆಳೆಯನ್ನು ಕತ್ತರಿಸುತ್ತದೆ. ಕತ್ತರಿಸಿದ ತುದಿಯಿಂದ ಹೊಸ ಎಳೆ ಬೆಳೆಯುತ್ತಾ ಉಂಗುರವನ್ನು ಸುತ್ತುತ್ತದೆ, ಹಳೆಯ ಎಳೆ ಬಿಚ್ಚಿಕೊಂಡು ಹೊರಬರುತ್ತದೆ. ಹೀಗೆ ಒಂದು ಉಂಗುರದಿಂದ ಅನೇಕ ಪ್ರತಿಗಳು ಹುಟ್ಟುತ್ತವೆ. ಹಸಿರು ಕಣಗಳ ಕೆಲಸ ಕೆಟ್ಟು ಎಲೆ ಹಳದಿಯಾಗುವುದು ಇದರ ಪರಿಣಾಮ.

ಬಿಳಿ ನೊಣ ಹೊರುವ ಬಗೆ

ಹೆಸರು ನೊಣ ಎಂದಿದ್ದರೂ ಬೆಮಿಸಿಯಾ ಟಬಾಸಿ ಎಂಬ ಈ ಕೀಟ ಸಸ್ಯಹೇನಿನ ಬಂಧು. ಉದ್ದ ಸುಮಾರು 1 ಮಿಲಿಮೀಟರ್. ಬೆಳಗಿನ ತಂಪಿನಲ್ಲಿ ಎಲೆಯನ್ನು ಮೆಲ್ಲಗೆ ತಿರುಗಿಸಿದರೆ ತಳಭಾಗದಲ್ಲಿ ಬಿಳಿ ಹುಡಿ ಮೆತ್ತಿದ ರೆಕ್ಕೆಗಳ ನೊಣಗಳೂ, ಪೊರೆಯಂತೆ ಅಂಟಿಕೊಂಡ ಮರಿಗಳೂ ಕಾಣುತ್ತವೆ. ಬಿಸಿಲೇರಿದ ಮೇಲೆ ಗಿಡ ಅಲ್ಲಾಡಿಸಿದರೆ ಸಾಕು, ಎದ್ದು ಹಾರುತ್ತವೆ.

ನೊಣ ರೋಗದ ಗಿಡದ ರಸ ಹೀರಿದಾಗ ವೈರಸ್ ಅದರ ಕರುಳಿಗೆ ಹೋಗುತ್ತದೆ. ಕರುಳಿನ ಗೋಡೆ ದಾಟಿ ದೇಹದ್ರವಕ್ಕೆ, ಅಲ್ಲಿಂದ ಜೊಲ್ಲಿನ ಗ್ರಂಥಿಗೆ ಬರುತ್ತದೆ. ಈ ಸುತ್ತು ಮುಗಿಯಲು ಗಂಟೆಗಟ್ಟಲೆ ಸಮಯ ಬೇಕು. ಆಮೇಲೆ ಆ ನೊಣ ಎಷ್ಟೋ ದಿನಗಳವರೆಗೆ, ಹಲವೊಮ್ಮೆ ಬದುಕಿರುವವರೆಗೂ, ರೋಗ ಹರಡಬಲ್ಲದು. ಗಾಳಿ ಹೊತ್ತೊಯ್ದ ಕಡೆಗೆಲ್ಲ ಹೋಗುವ ಇದಕ್ಕೆ ಬದು, ಬೇಲಿ ಲೆಕ್ಕಕ್ಕಿಲ್ಲ. ಕೋಲಾರದಲ್ಲಿ 1999ರಲ್ಲಿ ‘ಬಿ’ ಬಗೆಯ ಬಿಳಿ ನೊಣ ಕಾಣಿಸಿಕೊಂಡು ಟೊಮ್ಯಾಟೊ ಎಲೆಮುರುಟು ರೋಗ ಉಲ್ಬಣಿಸಿದ್ದನ್ನು ನೆನೆದರೆ, ಹೊರುವ ಕೀಟ ಬದಲಾದಾಗ ರೋಗದ ತೀವ್ರತೆ ಹೇಗೆ ಬದಲಾಗುತ್ತದೆ ಎಂಬುದು ತಿಳಿಯುತ್ತದೆ.

ಯಾವ ಗಿಡಕ್ಕೆ ತಗಲುತ್ತದೆ, ಯಾವುದಕ್ಕಿಲ್ಲ

1987ರ ಅಧ್ಯಯನದ ಪ್ರಕಾರ ಹುರುಳಿಯ ವೈರಸ್ ಬೀನ್ಸ್, ಕಡಲೆಕಾಯಿ, ಹೆಸರು, ತೊಗರಿ, ಸೋಯಾ ಅವರೆ ಮುಂತಾದ ದ್ವಿದಳ ಬೆಳೆಗಳಿಗೂ ತಗಲುತ್ತದೆ. ಅದೇ ಪರೀಕ್ಷೆಯಲ್ಲಿ ಅವರೆಗೂ ಅಲಸಂದೆಗೂ ತಗುಲಲಿಲ್ಲ. ಬೆಂಡೆ, ಟೊಮ್ಯಾಟೊ, ಮರಗೆಣಸಿಗೂ ತಗುಲಲಿಲ್ಲ. ಹಾಗಾದರೆ ಹುರುಳಿಯ ಪಕ್ಕದ ಸಾಲಿನಲ್ಲೇ ಅವರೆ ಎಲೆಯೂ ಹಳದಿಯಾಗಿದ್ದರೆ? ಅದು ಅವರೆಯದೇ ಬೇರೆ ವೈರಸ್. ಹರಡುವ ನೊಣ ಒಂದೇ, ವೈರಸ್ ಎರಡು.

ಒಂದೇ ಹೊಲ, ಮೂರು ದಾರಿ

ಕುಲ ತಿಳಿಯುವುದರ ಪ್ರಯೋಜನ ಮಳವಳ್ಳಿ ಕಡೆಯ ಒಂದು ಮಿಶ್ರ ಬೆಳೆಯ ಹೊಲದಲ್ಲೇ ಸ್ಪಷ್ಟವಾಗುತ್ತದೆ. ಅಲಸಂದೆಯ (ತಡಗುಣಿಯ) ಮೊಸಾಯಿಕ್ ರೋಗಕ್ಕೆ ಸಾಮಾನ್ಯ ಕಾರಣ ಪೋಟಿವೈರಸ್ ಕುಲದ ವೈರಸ್‌ಗಳು. ಅವು ಸುಮಾರು 750 ನ್ಯಾನೋಮೀಟರ್ ಉದ್ದದ ದಾರದಂಥ ಕಣಗಳು, ಒಳಗಿರುವುದು ಆರ್‌ಎನ್‌ಎ. ಅವು ಬೀಜದ ಮೂಲಕವೇ ಮುಂದಿನ ಬೆಳೆಗೆ ಬರುತ್ತವೆ. ಸಸ್ಯಹೇನು ಅವನ್ನು ಸೆಕೆಂಡುಗಳಲ್ಲಿ ಹೀರಿ, ನಿಮಿಷಗಳಲ್ಲಿ ಮತ್ತೊಂದು ಗಿಡಕ್ಕೆ ದಾಟಿಸುತ್ತದೆ. ಕೀಟನಾಶಕ ಕೆಲಸ ಮಾಡುವ ಮೊದಲೇ ಅದು ತನ್ನ ಕೆಲಸ ಮುಗಿಸಿರುತ್ತದೆ. ಅಲ್ಲಿ ಮೊದಲ ಕಾವಲು ರೋಗವಿಲ್ಲದ ಬೀಜ.

ತೊಗರಿಯ ಗೊಡ್ಡು ರೋಗದ ಕಥೆ ಬೇರೆ. ಬಿಹಾರದ ಪೂಸಾದಿಂದ 1931ರಲ್ಲೇ ವರದಿಯಾದ ಈ ರೋಗದ ವೈರಸ್ ಸಿಕ್ಕಿದ್ದು 2000ದ ಹೊತ್ತಿಗೆ. ಅದು ಎಮಾರಾವೈರಸ್ ಕುಲದ್ದು, ಆರ್‌ಎನ್‌ಎ ಹಲವು ತುಂಡುಗಳಾಗಿರುತ್ತದೆ. ಅದನ್ನು ಹರಡುವುದು ಬರಿಗಣ್ಣಿಗೆ ಕಾಣದ ಏಸೀರಿಯಾ ಕಜಾನಿ ಎಂಬ ನುಸಿ. ಅಲ್ಲಿ ಉಪಾಯ ರೋಗ ನಿರೋಧಕ ತಳಿ ಹಾಗೂ ಕುಯ್ಲಾದ ಮೇಲೆ ಚಿಗುರುವ ಕೂಳೆ ತೊಗರಿಯನ್ನು ಕಿತ್ತುಹಾಕುವುದು. ಹುರುಳಿಯಲ್ಲಾದರೋ ಬೀಜ ಗುರಿಯಲ್ಲ, ನುಸಿ ಗುರಿಯಲ್ಲ. ಗಮನ ಇಡಬೇಕಾದದ್ದು ಬಿಳಿ ನೊಣ ಮತ್ತು ಅದು ವೈರಸ್ ಹೀರುವ ಮೊದಲ ರೋಗದ ಗಿಡಗಳ ಮೇಲೆ.

ತಡೆಯುವ ಕ್ರಮ

ವೈರಸ್ ಹೊಕ್ಕ ಗಿಡವನ್ನು ಗುಣಪಡಿಸುವ ಔಷಧ ಇಲ್ಲ. ಎಲೆ ಹಳದಿಯಾದ ಮೇಲೆ ಶಿಲೀಂಧ್ರನಾಶಕವೋ ಗೊಬ್ಬರದ ನೀರೋ ಹೊಡೆಯುವುದು ದುಡ್ಡು ದಂಡ. ಬಿತ್ತಿದ ಮೊದಲ ಕೆಲವು ವಾರಗಳಲ್ಲಿ ಹೊಲ ಸುತ್ತಿ, ಹಳದಿ ಕಂಡ ಗಿಡವನ್ನು ಕಿತ್ತು ಹೂಳಬೇಕು. ಬದುವಿನ ಕಳೆ ಹಾಗೂ ಹಿಂದಿನ ಬೆಳೆಯಿಂದ ಉದುರಿ ತಾನೇ ಹುಟ್ಟಿದ ಹುರುಳಿ, ಹೆಸರು ಗಿಡಗಳನ್ನು ಬಿತ್ತನೆಗೆ ಮೊದಲೇ ತೆಗೆಯಬೇಕು. ಹಳದಿ ಅಂಟು ಹಾಳೆಗಳು ನೊಣ ಬಂದಿರುವುದನ್ನು ತೋರಿಸುತ್ತವೆ. ಬೇವಿನ ಸಿಂಪಡಣೆ ಮತ್ತು ಶಿಫಾರಸಾದ ಬೀಜೋಪಚಾರ ಎಳೆಯ ಪೈರಿನ ಮೇಲೆ ನೊಣದ ಒತ್ತಡ ತಗ್ಗಿಸುತ್ತವೆ. ಒಂದೇ ಕೀಟನಾಶಕವನ್ನು ಪದೇಪದೇ ಹೊಡೆದರೆ ನೊಣ ಅದಕ್ಕೆ ಒಗ್ಗಿಕೊಳ್ಳುತ್ತದೆ, ಅದನ್ನು ತಿನ್ನುವ ಉಪಕಾರಿ ಕೀಟಗಳೂ ಸಾಯುತ್ತವೆ. ಎಲ್ಲಕ್ಕಿಂತ ಗಟ್ಟಿಯಾದ ರಕ್ಷಣೆ ರೋಗ ತಾಳುವ ತಳಿ.

ಮಂಡ್ಯ, ಮದ್ದೂರು, ಮಳವಳ್ಳಿಯ ರೈತರಿಗೆ ಹತ್ತಿರದ ನೆರವು ವಿ.ಸಿ. ಫಾರಂನ ವಲಯ ಕೃಷಿ ಸಂಶೋಧನಾ ಕೇಂದ್ರ ಮತ್ತು ಕೃಷಿ ವಿಜ್ಞಾನ ಕೇಂದ್ರ. ಹಳದಿ ಕಂಡ ಕೂಡಲೇ ಅಂಗಡಿಗೆ ಹೋಗಿ ಔಷಧ ಕೇಳುವ ಬದಲು, ರೋಗದ ಗಿಡವೊಂದನ್ನು ಬೇರುಸಹಿತ ಚೀಲದಲ್ಲಿ ಕಟ್ಟಿ ಅಲ್ಲಿಗೆ ಒಯ್ದು ತೋರಿಸಿ. ರೋಗ ಯಾವುದೆಂದು ತಿಳಿದ ಮೇಲೆ ಮಾಡುವ ಖರ್ಚು ಮಾತ್ರ ಫಲ ಕೊಡುತ್ತದೆ.