ಯುದ್ಧ ಕಲಿಸಿದ ಆರೈಕೆ

ಮಿದುಳಿಗೆ ತೀವ್ರ ಪೆಟ್ಟಾದವರ ಪುನರ್ವಸತಿ ಬೆಳೆದದ್ದು ಯುದ್ಧದ ಒತ್ತಾಯಕ್ಕೆ. ಮೊದಲ ಮಹಾಯುದ್ಧದಲ್ಲಿ ತಲೆಗೆ ಗುಂಡು ತಗುಲಿಯೂ ಬದುಕುಳಿದ ಸೈನಿಕರಿಗಾಗಿ ನರವೈದ್ಯ ಕುರ್ಟ್ ಗೋಲ್ಡ್‌ಸ್ಟೈನ್ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಸಂಸ್ಥೆಯೊಂದನ್ನು ನಡೆಸಿದರು. ಅಲ್ಲಿ ಮಾತು, ಓದಿನ ಜೊತೆಗೆ ಕಸುಬನ್ನೂ ಮತ್ತೆ ಕಲಿಸಲಾಗುತ್ತಿತ್ತು. ಎರಡನೆಯ ಯುದ್ಧದಲ್ಲಿ ಸೋವಿಯತ್ ಮನೋವಿಜ್ಞಾನಿ ಅಲೆಕ್ಸಾಂಡರ್ ಲೂರಿಯಾ ಉರಲ್ ಪ್ರದೇಶದ ಆಸ್ಪತ್ರೆಯಲ್ಲಿ ಈ ವಿದ್ಯೆಯನ್ನು ಇನ್ನಷ್ಟು ಬೆಳೆಸಿದರು. ಹಾಗಿದ್ದೂ 1975ರಲ್ಲಿ ಅಮೆರಿಕದ ಮರ್ಲಿನ್ ಪ್ರೈಸ್ ಸ್ಪಿವ್ಯಾಕ್ ಅವರ ಮಗಳು ಕಾರು ಅಪಘಾತದಲ್ಲಿ ಗಾಯಗೊಂಡಾಗ, ಅವಳಿಗೆ ತಕ್ಕ ಪುನರ್ವಸತಿಗಾಗಿ ಮನೆಯವರು ಅಲೆಯಬೇಕಾಯಿತು. ಆ ಅಲೆದಾಟವೇ 1980ರಲ್ಲಿ ರಾಷ್ಟ್ರೀಯ ತಲೆಗಾಯ ಪ್ರತಿಷ್ಠಾನವಾಯಿತು. ಕೊರತೆಯಿದ್ದದ್ದು ಜ್ಞಾನದ್ದಲ್ಲ, ಹೊಣೆ ಹೊರುವವರದ್ದು. ಸೈನಿಕನಿಗೆ ಸರ್ಕಾರ ವಾರಸುದಾರ. ರಸ್ತೆಯಲ್ಲಿ ಬಿದ್ದವನಿಗೆ ಮನೆಯವರಷ್ಟೇ.

ವೈದ್ಯವಿಜ್ಞಾನವೇ ತಡವಾಗಿ ಬೆಳೆಯಿತು, ಯಾರನ್ನು ದೂರುವುದು ಎನ್ನುವವರಿದ್ದಾರೆ. ಅರ್ಧ ನಿಜ. ಸಿ.ಟಿ. ಸ್ಕ್ಯಾನ್, ತೀವ್ರ ನಿಗಾ ಘಟಕಗಳು ಬಂದ ಮೇಲೆಯೇ ಇಂಥವರು ಹೆಚ್ಚಾಗಿ ಬದುಕತೊಡಗಿದರು. ಆದರೆ ಜೀವ ಉಳಿಸಲು ಹಣ ಹೂಡಿದ ವ್ಯವಸ್ಥೆ, ಉಳಿದ ಜೀವದ ಮುಂದಿನ ವರ್ಷಗಳಿಗೆ ಅದೇ ಧಾರಾಳತನ ತೋರಲಿಲ್ಲ ಎಂಬುದೂ ಅಷ್ಟೇ ನಿಜ. ನಮ್ಮಲ್ಲಿ ಕುಟುಂಬವಿದೆಯಲ್ಲ ಎಂಬುದು ಇನ್ನೊಂದು ಸಮಾಧಾನ. ಕುಟುಂಬ ಊಟ ಮಾಡಿಸುತ್ತದೆ, ಮಗ್ಗುಲು ಬದಲಿಸುತ್ತದೆ (ಅದೂ ಸಾಮಾನ್ಯವಾಗಿ ಮನೆಯ ಒಬ್ಬ ಹೆಂಗಸೇ). ಆದರೆ ನುಂಗುವುದನ್ನು, ನೆನಪಿಡುವುದನ್ನು, ಸಿಟ್ಟು ತಡೆಯುವುದನ್ನು ಮತ್ತೆ ಕಲಿಸಲು ತರಬೇತಾದವರು ಬೇಕು. ನಿಮ್ಹಾನ್ಸ್‌ನಂಥ ಸಂಸ್ಥೆಯಲ್ಲಿ ಅವರಿದ್ದಾರೆ. ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಅವರಿರಬೇಕು. ಅದನ್ನು ಕೇಳುವುದು ಭಿಕ್ಷೆಯಲ್ಲ, ಹಕ್ಕು. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಆದರೆ ಅಪಘಾತದ ಮಿದುಳು ಗಾಯಕ್ಕೆ ಆ ಪಟ್ಟಿಯಲ್ಲಿ ಪ್ರತ್ಯೇಕ ಹೆಸರಿಲ್ಲ.