ವಿತರಣಜಾಲದಲ್ಲಿ ಸರ್ವರಿನ ಆಯ್ಕೆ: ‘ಸಾಮೀಪ್ಯ’ದ ವಿಚಾರ

ಒಂದು ಗ್ರಂಥದ ನಕಲುಗಳು ಹಲವು ಮಠಗಳಲ್ಲಿದ್ದಾಗ ಓದುವವನು ತನಗೆ ಸಮೀಪವಾದ ಪ್ರತಿಯನ್ನು ಆಶ್ರಯಿಸುತ್ತಿದ್ದುದು ಹಸ್ತಪ್ರತಿಗಳ ಪರಿಚಯವುಳ್ಳ ವಾಚಕರಿಗೆ ವಿದಿತವೇ ಇದೆ. ಅಂತರ್ಜಾಲದ ವಿತರಣಜಾಲಗಳ ತತ್ತ್ವವೂ ಇಂತಹುದೇ. ಮೂಲ ಸರ್ವರಿನ ಪುಟಗಳಿಗೆ ಪ್ರತಿಗಳನ್ನು ಮಾಡಿ, ಅವನ್ನು ಹಲವು ಊರುಗಳ ಸರ್ವರುಗಳಲ್ಲಿರಿಸಿ, ಕೇಳಿದವನಿಗೆ ಅವುಗಳಲ್ಲಿ ಉತ್ತಮವಾದ ಒಂದರಿಂದ ಒದಗಿಸುವರು. ಉತ್ತಮವಾದುದೆಂದರೆ ಸಮೀಪದ್ದೇ ಎಂಬ ಸಾಮಾನ್ಯ ಗ್ರಹಿಕೆಯು ಪರೀಕ್ಷೆಗೆ ನಿಲ್ಲತಕ್ಕದ್ದಲ್ಲ.

ಧಾರವಾಡದ ಬಳಿಯ ಹೆಬ್ಬಳ್ಳಿಯಲ್ಲಿ ಒಬ್ಬನು ಒಂದು ಪುಟವನ್ನು ಕೇಳಿದನೆನ್ನೋಣ. ಅದರ ಪ್ರತಿಗಳು ಬೆಂಗಳೂರಿನಲ್ಲಿಯೂ ಮುಂಬಯಿಯಲ್ಲಿಯೂ ಇರಲಿ. ನೇರ ಗೆರೆಯಲ್ಲಿ ಬೆಂಗಳೂರು ಅಲ್ಲಿಗೆ ಸುಮಾರು 380 ಕಿ.ಮೀ., ಮುಂಬಯಿ ಸುಮಾರು 470 ಕಿ.ಮೀ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿನ ಸಾವಿರದಲ್ಲೊಂದು ಭಾಗದೊಳಗೆ ಸುಮಾರು 200 ಕಿ.ಮೀ. ಸಾಗುವುದು. ಆದುದರಿಂದ 90 ಕಿ.ಮೀ.ಗಳ ಈ ಹೆಚ್ಚಳವನ್ನು ಹೋಗಿ ಬರುವುದಕ್ಕೆ ಅಷ್ಟು ಕಾಲವೂ ಹಿಡಿಯದು. ತಂತುಗಳು ನೇರವಾಗಿ ಹಾಯುವುದೂ ಅಪೂರ್ವ. ಬೆಂಗಳೂರಿನ ಸರ್ವರಿನಲ್ಲಿ ದಟ್ಟಣೆಯಿದ್ದರೆ ಇದಕ್ಕೆ ಎಷ್ಟೋ ಪಾಲು ಮಿಗಿಲಾದ ಕಾಲವು ಅಲ್ಲಿಯೇ ಕಳೆದೀತು. ಧಾರವಾಡ ಸೀಮೆಯು ಆಡಳಿತದಲ್ಲಿ 1956ರ ವರೆಗೆ ಮುಂಬಯಿಯತ್ತ ನೋಡುತ್ತಿದ್ದು, ಅನಂತರ ಬೆಂಗಳೂರಿನತ್ತ ತಿರುಗಿತು. ಈ ಜಾಲವಾದರೋ ಗಳಿಗೆ ಗಳಿಗೆಗೂ ತಿರುಗಬಲ್ಲುದು.

ಈ ಆಯ್ಕೆಯ ಚರಿತ್ರೆಯು ಹೆಸರುಗಳಿಂದ ಆರಂಭವಾಗುವುದು. ಜಾಲತಾಣದ ಹೆಸರಿಗೆ ಸರ್ವರಿನ ಅಂಕೆಯನ್ನು ಹೊಂದಿಸುವ ವ್ಯವಸ್ಥೆಯನ್ನು ಪಾಲ್ ಮೊಕಪೆಟ್ರಿಸ್ ಎಂಬವರು 1983ರಲ್ಲಿ ರೂಪಿಸಿದರು. 1998ರಲ್ಲಿ ಗಣಿತಜ್ಞ ಟಾಮ್ ಲೇಟನ್ನರೂ ಅವರ ಶಿಷ್ಯ ಡೇನಿಯಲ್ ಲೆವಿನ್ನರೂ ಇತರರೊಡನೆ ಸ್ಥಾಪಿಸಿದ ಅಕಮಾಯ್ ಸಂಸ್ಥೆಯು ಇದನ್ನೇ ಆಯ್ಕೆಯ ಸಾಧನವಾಗಿ ಮಾಡಿಕೊಂಡಿತು. ಒಂದೇ ಹೆಸರನ್ನು ಕೇಳಿದ ಇಬ್ಬರಿಗೆ ಎರಡು ಬೇರೆ ಅಂಕೆಗಳು ದೊರೆಯತೊಡಗಿದುವು. ಉತ್ತರವು ಕೆಲವೇ ಕ್ಷಣ ಸಲ್ಲುವಂತಿದ್ದುದರಿಂದ, ದಟ್ಟಣೆ ಹೆಚ್ಚಿದೊಡನೆ ಮುಂದಿನವನನ್ನು ಬೇರೆಡೆಗೆ ಕಳುಹಬಹುದಾಗಿದ್ದಿತು.

ಯುಕ್ತಿಯೇನೋ ಸೊಗಸಾದುದು, ಆದರೆ ಅದರಲ್ಲಿ ಒಂದು ಬಿರುಕಿದ್ದಿತು. ಹೆಸರನ್ನು ವಿಚಾರಿಸುವವನು ಓದುಗನಲ್ಲ. ಅವನ ಪರವಾಗಿ ವಿಚಾರಿಸುವ ‘ರಿಸಾಲ್ವರ್’ ಎಂಬ ಮಧ್ಯವರ್ತಿ ಯಂತ್ರ. ವಿತರಣಜಾಲಕ್ಕೆ ಕಾಣುವುದು ಆ ಯಂತ್ರದ ವಿಳಾಸವೇ. ಅದು ಹೊರದೇಶದಲ್ಲಿದ್ದರೆ ಹೆಬ್ಬಳ್ಳಿಯವನೂ ಹೊರದೇಶದವನೆಂದೇ ಎಣಿಸಲ್ಪಡುವನು. ಇದನ್ನು ಬರಿಯ ಯಂತ್ರದೋಷವೆನ್ನಲು ಈ ಲೇಖಕನ ಮನಸ್ಸೊಪ್ಪದು. ಒಬ್ಬನ ನೆಲೆಯನ್ನು ಅಳೆದು ಮತ್ತೊಬ್ಬನಿಗೆ ಬಡಿಸಿದುದರ ಫಲವಿದು. 2009ರಲ್ಲಿ ಗೂಗಲ್ ಸಂಸ್ಥೆಯ ಸಾರ್ವಜನಿಕ ರಿಸಾಲ್ವರ್ ಬಂದ ಮೇಲೆ ಈ ಪ್ರಶ್ನೆಯು ಹೆಚ್ಚಿನ ಗಮನವನ್ನು ಸೆಳೆಯಿತು. ಓದುಗನ ವಿಳಾಸದ ಒಂದಂಶವನ್ನು ಪ್ರಶ್ನೆಯೊಡನೆ ಕಳುಹುವ ಕ್ರಮವನ್ನು ವಿವರಿಸುವ ಪತ್ರವು 2016ರಲ್ಲಿ ಪ್ರಕಟವಾಯಿತು.

ಆ ಪತ್ರವೇ ಇದರಿಂದ ಓದುಗನ ಗೋಪ್ಯತೆಗೆ ಒದಗುವ ಕುಂದನ್ನೂ ಹೇಳಿದೆ. 2018ರಲ್ಲಿ ಆರಂಭವಾದ ಕ್ಲೌಡ್‌ಫ್ಲೇರ್ ಸಂಸ್ಥೆಯ ರಿಸಾಲ್ವರ್ ಗೋಪ್ಯತೆಯ ಕಾರಣದಿಂದಲೇ ಆ ಅಂಶವನ್ನು ಸಾಮಾನ್ಯವಾಗಿ ಕಳುಹುವುದಿಲ್ಲ. ಅದನ್ನು ಬಳಸುವವನು ಹೆಬ್ಬಳ್ಳಿಯಲ್ಲಿದ್ದರೂ, ಹೆಸರಿನ ಮೂಲಕ ಆಯ್ಕೆಮಾಡುವ ವಿತರಣಜಾಲದ ಕಣ್ಣಿಗೆ ಆ ರಿಸಾಲ್ವರ್ ಇದ್ದ ಊರಿನವನೇ.