ಕಲ್ಲುಕೋರೆಗಳಲ್ಲಿ ಡೀಸೆಲ್ ದಾಸ್ತಾನು: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ

ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳ ಗಣಿಗಾರಿಕೆ ಬಹುಮಟ್ಟಿಗೆ ತೆರೆದ ಕೋರೆಗಳದು. ಗುಡ್ಡದ ಮೇಲ್ಪದರದಲ್ಲಿ ಮನೆ ಕಟ್ಟುವ ಕೆಂಪುಕಲ್ಲು, ಅಂದರೆ ಮುರಕಲ್ಲು. ಮತ್ತೆ ಕೆಲವೆಡೆ ಜಲ್ಲಿಗೆ ಒಡೆಯುವ ಕಪ್ಪುಕಲ್ಲು. ಹಿಟಾಚಿ, ಕಂಪ್ರೆಸರ್, ಜನರೇಟರ್ ಇವೆಲ್ಲ ನಡೆಯುವುದು ಡೀಸೆಲಿನಿಂದ. ಟಿಪ್ಪರ್ ತಾನೇ ಪೆಟ್ರೋಲ್ ಬಂಕಿಗೆ ಹೋಗಿ ಬರುತ್ತದೆ. ಹಿಟಾಚಿಗೆ ಆ ಸೌಕರ್ಯವಿಲ್ಲ. ಆದ್ದರಿಂದ ಬ್ಯಾರೆಲೇ ಕೋರೆಗೆ ಬರಬೇಕು, ದಾಸ್ತಾನಿನ ಪ್ರಶ್ನೆ ಹುಟ್ಟುವುದೂ ಅಲ್ಲಿಂದಲೇ.

ಡೀಸೆಲ್ ಕುರಿತ ಅತಿ ಬಿಗಿಯಾದ ನಿಯಮಗಳಿರುವುದು ನೆಲದಡಿಯ ಗಣಿಗಳಿಗೆ. ಅಲ್ಲಿ ಬೆಂಕಿಗಿಂತ ಹೊಗೆ ಹೆಚ್ಚು ಜನರನ್ನು ಕೊಲ್ಲಬಲ್ಲದು. ಹೊಗೆ ಸಾಗುವ ದಾರಿಯೂ ಕಾರ್ಮಿಕರು ಉಸಿರಾಡುವ ಗಾಳಿಯ ದಾರಿಯೂ ಒಂದೇ. ಕೋಲಾರ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಈಗ ರಾಜ್ಯದಲ್ಲಿ ನೆಲದಡಿಯ ಚಿನ್ನದ ಗಣಿಗೆ ಹೆಸರಾದದ್ದು ರಾಯಚೂರು ಜಿಲ್ಲೆಯ ಹಟ್ಟಿ. ಇಂಥ ಗಣಿಗಳಿಗೆ ಅನ್ವಯವಾಗುವ 1961ರ ಲೋಹಗಣಿ ನಿಯಮಾವಳಿಯಂತೆ ಎಣ್ಣೆ, ಗ್ರೀಸ್ ಮೊದಲಾದ ಉರಿಯುವ ವಸ್ತುಗಳನ್ನು ಕೆಳಗೆ ಇಡಬೇಕಾದರೆ ಬೆಂಕಿ ತಾಗದ ಪಾತ್ರೆಯಲ್ಲಿ ಅಥವಾ ಕೋಣೆಯಲ್ಲಿ ಮಾತ್ರ ಇಡಬೇಕು. ಅಮೆರಿಕದ ಕಲ್ಲಿದ್ದಲು ಗಣಿಗಳ ನಿಯಮ ಇನ್ನೂ ವಿವರವಾದದ್ದು: ಕಾಯಂ ಉಗ್ರಾಣದ ಟ್ಯಾಂಕುಗಳ ಒಟ್ಟು ಮಿತಿ 1,000 ಗ್ಯಾಲನ್ (ಸುಮಾರು 3,785 ಲೀಟರ್), ಉರಿಯದ ಗೋಡೆ, ತಾನಾಗಿ ಮುಚ್ಚುವ ಬಾಗಿಲು, ತಾನಾಗಿ ಬೆಂಕಿ ನಂದಿಸುವ ವ್ಯವಸ್ಥೆ, ಸೋರಿದರೆ ಒಟ್ಟು ಎಣ್ಣೆಯ ಒಂದೂವರೆ ಪಾಲನ್ನು ಹಿಡಿದಿಡುವ ಕಟ್ಟೆ.

ನಮ್ಮ ಕೋರೆಗಳ ಮಟ್ಟಿಗೆ ಕಾನೂನು ಬೇರೆ ಕಡೆಯಿಂದ ಬರುತ್ತದೆ. ಆರು ಮೀಟರಿಗಿಂತ ಆಳವಿಲ್ಲದ, ಯಾವ ದಿನವೂ 50ಕ್ಕಿಂತ ಹೆಚ್ಚು ಜನ ದುಡಿಯದ, ಸ್ಫೋಟಕ ಬಳಸದ ಮುರಕಲ್ಲು ಮತ್ತು ಕಟ್ಟಡಕಲ್ಲಿನ ತೆರೆದ ಕೋರೆಗಳನ್ನು 2025ರ ತನಕ ಜಾರಿಯಲ್ಲಿದ್ದ 1952ರ ಗಣಿ ಕಾಯ್ದೆ ತನ್ನ ಬಹುಪಾಲು ಕಟ್ಟಳೆಗಳಿಂದ ಹೊರಗಿಟ್ಟಿತ್ತು. ಯಂತ್ರದಲ್ಲಿ ಕಲ್ಲು ಕೊಯ್ಯುವ ಸಣ್ಣ ಕೆಂಪುಕಲ್ಲು ಕೋರೆ ಈ ವಿನಾಯಿತಿಯಲ್ಲಿ ಸುಲಭವಾಗಿ ನುಸುಳುತ್ತಿತ್ತು. ಸಿಡಿಮದ್ದು ಇಡುವ ಕಪ್ಪುಕಲ್ಲಿನ ಕೋರೆಗೆ ಆ ರಿಯಾಯಿತಿ ಇರಲಿಲ್ಲ. ಆದರೆ 1934ರ ಪೆಟ್ರೋಲಿಯಂ ಕಾಯ್ದೆ ಎರಡಕ್ಕೂ ಒಂದೇ. 23ರಿಂದ 65 ಡಿಗ್ರಿ ಸೆಲ್ಸಿಯಸ್‌ವರೆಗೆ ಜ್ವಲನಾಂಕ (ಆವಿ ಕಿಡಿಗೆ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆ) ಇರುವ ಎಣ್ಣೆಗಳು ಅದರಲ್ಲಿ 'ಬಿ' ವರ್ಗ, ಡೀಸೆಲ್ ಸೇರುವುದು ಇದರಲ್ಲೇ. ಒಂದು ಜಾಗದಲ್ಲಿ ಒಟ್ಟು 2,500 ಲೀಟರ್ ದಾಟದಿದ್ದರೆ, ಯಾವ ಪಾತ್ರೆಯೂ 1,000 ಲೀಟರಿಗಿಂತ ದೊಡ್ಡದಲ್ಲದಿದ್ದರೆ ಪರವಾನಗಿ ಬೇಕಿಲ್ಲ. ಅಂದರೆ 200 ಲೀಟರಿನ ಹನ್ನೆರಡು ಬ್ಯಾರೆಲ್‌ಗಳ ತನಕ ಯಾರ ಅಪ್ಪಣೆಯೂ ಬೇಡ. ಪರವಾನಗಿ ಬೇಡ ಎಂದದ್ದನ್ನು ಎಚ್ಚರಿಕೆಯೂ ಬೇಡ ಎಂದು ಅರ್ಥ ಮಾಡಿಕೊಳ್ಳುವುದೇ ಇಲ್ಲಿನ ನಿಜವಾದ ಅಪಾಯ.

'ಡೀಸೆಲ್ ಪೆಟ್ರೋಲಿನಂತಲ್ಲ, ಹೊತ್ತಿಕೊಳ್ಳುವುದಿಲ್ಲ' ಎಂಬ ಮಾತು ಅರ್ಧ ಸತ್ಯ. ಭಾರತೀಯ ಮಾನಕದಂತೆ ವಾಹನದ ಡೀಸೆಲಿಗಿರಬೇಕಾದ ಕನಿಷ್ಠ ಜ್ವಲನಾಂಕ 35 ಡಿಗ್ರಿ. ಏಪ್ರಿಲ್ ಬಿಸಿಲಿಗೆ ಕಾದ ಬಂಡೆಯ ಮೇಲೆ ನಿಂತ ಕಪ್ಪು ಬ್ಯಾರೆಲ್ ಆ ಗಡಿಯನ್ನು ಸಲೀಸಾಗಿ ದಾಟುತ್ತದೆ. ಆಮೇಲೆ ಮುಚ್ಚಳದ ಬಳಿ ಒಂದು ಕಿಡಿ ಸಾಕು. ಆದ್ದರಿಂದ ನೆರಳು ಮೊದಲ ನಿಯಮ, ಅದೂ ತೆಂಗಿನ ಗರಿಯ ಚಪ್ಪರವಲ್ಲ, ತಗಡಿನ ಮಾಡು. ಎಣ್ಣೆ ತುಂಬುವಾಗ ಇಂಜಿನ್ ನಿಂತು ಆರಿರಬೇಕು. ಎಣ್ಣೆ ಒರೆಸಿದ ಬಟ್ಟೆ ಮುಚ್ಚಳವಿರುವ ಡಬ್ಬಕ್ಕೆ ಹೋಗಬೇಕು. ಡೀಸೆಲ್ ಬೆಂಕಿಗೆ ನೀರು ಸುರಿದರೆ ಎಣ್ಣೆ ನೀರಿನ ಮೇಲೆ ತೇಲಿ ಹರಡುತ್ತದೆ. ಬೇಕಾದದ್ದು ನೊರೆ, ಒಣ ಪುಡಿ ಅಥವಾ ಮರಳು. ಕ್ರಷರ್ ಇರುವಲ್ಲಿ ಒಣ ಪುಡಿಮರಳಿಗೆ ಬರವಿಲ್ಲ, ಅದನ್ನು ಬಕೆಟಿನಲ್ಲಿ ತುಂಬಿಸಿಡಬೇಕಷ್ಟೇ.

ಸ್ಫೋಟಕದ ಗುಡಿಸಲಿನ ಹತ್ತಿರ ಡೀಸೆಲ್ ಇಡುವಂತೆಯೇ ಇಲ್ಲ. ಅಮೋನಿಯಂ ನೈಟ್ರೇಟಿನ ಸುಮಾರು 94 ಪಾಲಿಗೆ 6 ಪಾಲು ಡೀಸೆಲ್ ಬೆರೆತರೆ ಅದು ಗಣಿಗಳ ಸಾಮಾನ್ಯ ಸಿಡಿಮದ್ದು. ಎರಡೂ ಒಂದೇ ಮಾಡಿನಡಿ ಇದ್ದರೆ ಸೋರಿಕೆ ಎಂಬುದು ಬರೀ ನಷ್ಟದ ಮಾತಾಗಿ ಉಳಿಯುವುದಿಲ್ಲ.

ಕರಾವಳಿಯ ಮಳೆ ಬೇರೆಯದೇ ತೊಂದರೆ ತರುತ್ತದೆ. ನೆಟ್ಟಗೆ ನಿಲ್ಲಿಸಿದ ಬ್ಯಾರೆಲಿನ ಮೇಲ್ಮುಚ್ಚಳದ ಅಂಚಿನೊಳಗೆ ನೀರು ನಿಲ್ಲುತ್ತದೆ. ರಾತ್ರಿ ತಂಪಾಗಿ ಒಳಗಿನ ಗಾಳಿ ಕುಗ್ಗಿದಾಗ ಸಡಿಲ ಬಿರಡೆಯ ಮೂಲಕ ಆ ನೀರು ಒಳಗೆ ಹೀರಲ್ಪಡುತ್ತದೆ. ಬ್ಯಾರೆಲನ್ನು ಅಡ್ಡ ಮಲಗಿಸಿ, ಎರಡೂ ಬಿರಡೆಗಳು ಒಂದೇ ಮಟ್ಟದಲ್ಲಿ ಎಣ್ಣೆಯೊಳಗೆ ಮುಳುಗಿರುವಂತೆ ತಿರುಗಿಸಿಟ್ಟರೆ ಇದು ತಪ್ಪುತ್ತದೆ. ಆದರೆ ಆಗ ಬಿರಡೆ ಬಿಗಿಯಿಲ್ಲದಿದ್ದರೆ ಸೋರುವುದು ಎಣ್ಣೆಯೇ.

ಸೋರಿಕೆಯನ್ನು ಇಲ್ಲಿ ಹಗುರವಾಗಿ ಕಾಣುವಂತಿಲ್ಲ. ಮುರಕಲ್ಲು ತೂತುತೂತಾದ ಕಲ್ಲು. ಕೋರೆಯ ನೆಲಕ್ಕೆ ಬಿದ್ದ ಎಣ್ಣೆ ಬಾವಿಯ ಕಡೆಗೆ ಇಳಿಯಬಲ್ಲದು. ಬಂಟ್ವಾಳ ತಾಲ್ಲೂಕಿನ ದಕ್ಷಿಣ ಭಾಗದಲ್ಲಿ ಜನ ಇದೇ ಕಲ್ಲನ್ನು ಕೊರೆದು ಸುರಂಗದಿಂದ ನೀರು ತರುತ್ತಾರೆ. 2022ರಲ್ಲಿ ಪದ್ಮಶ್ರೀ ಪಡೆದ ಅಮೈ ಮಹಾಲಿಂಗ ನಾಯ್ಕರು ಹೆಸರಾದದ್ದು ಇಂಥ ಸುರಂಗಗಳನ್ನು ಕೈಯಾರೆ ತೋಡಿಯೇ. ಗುಡ್ಡದ ಮೇಲೆ ಕೋರೆ, ಕೆಳಗೆ ಸುರಂಗ ಎಂಬಲ್ಲಿ ಬ್ಯಾರೆಲಿನಡಿ ಸಿಮೆಂಟಿನ ತೊಟ್ಟಿ ಕಟ್ಟಿಸುವ ಖರ್ಚು ಹೆಚ್ಚೇನಲ್ಲ.

ಈ ಸೀಮೆಯಲ್ಲಿ ನೆಲದಡಿಯ ಡೀಸೆಲ್ ಇಲ್ಲವೆಂದಲ್ಲ, ಅದು ಕೊಳವೆಯಲ್ಲಿದೆ. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಹೋಗುವ, ಸುಮಾರು 360 ಕಿ.ಮೀ. ಉದ್ದದ ಪೆಟ್ರೋನೆಟ್ ಕೊಳವೆಮಾರ್ಗ ಈ ಭಾಗವನ್ನು ಹಾದುಹೋಗುತ್ತದೆ. ಬೆಳ್ತಂಗಡಿ ತಾಲ್ಲೂಕಿನ ನೆರಿಯದಲ್ಲಿ ಅದರ ಪಂಪಿಂಗ್ ಠಾಣೆಯಿದೆ. 1962ರ ಕೊಳವೆಮಾರ್ಗ ಕಾಯ್ದೆಯಂತೆ ಕೊಳವೆ ಹಾದ ನೆಲದ ಪಟ್ಟಿಯಲ್ಲಿ ಜಮೀನಿನ ಒಡೆಯನೂ ಕಟ್ಟಡ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ.